ಬುತ್ತಿ ಕಟ್ಟಿಕೊಂಡ ರಾಕ್ಷಸ

ಶಿರೂರಿನ ಅಕ್ಕನ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದ ಮರುದಿನ ಬೆಳಿಗ್ಗೆ ಪುಣೆಯ ಮಾರ್ಕೆಟ್ ಯಾರ್ಡಿಗೆ ಹೋಗಿದ್ದೆ. ಮೆಂತ್ಯೆ ಸೊಪ್ಪು ಆರಿಸುತ್ತ ನಿಂತಿದ್ದಾಗ, ತಲೆಯ ಮೇಲೆ ಗೋಣಿತಟ್ಟು ಹಾಕಿಕೊಂಡ ಒಬ್ಬ ಮುದುಕ ಹಮಾಲ ಎದುರಿಗೆ ಬಂದು, "ಬಾಯಿ, ರಾಕ್ಷಸ್‌ವಾಲೇ ಕಾಕಾ ಗೇಲೇ" ಅಂದ. ಅಮ್ಮಾ, ರಾಕ್ಷಸರ ಕಾಕಾ ಹೋದರು ಎಂದು. ಹೋಗಿ ಎರಡು ದಿನವಾಗಿತ್ತು. ಊರೆಲ್ಲ ತಿಳಿದ ಸುದ್ದಿಯನ್ನು ನಾನು ಸೊಪ್ಪಿನ ಬುಟ್ಟಿಯ ಮುಂದೆ ನಿಂತು ಕೇಳಿದೆ. ಹಮಾಲ ಕಣ್ಣೊರೆಸಿಕೊಂಡ. ಅವನಿಗೆ ಅಳುವ ಹಕ್ಕಿತ್ತು. ಅವನ ಮುಖವನ್ನು ಕಾಕಾ ಹತ್ತಾರು ಸಲ ಬರೆದಿದ್ದರು, ಒಮ್ಮೆ ಕೋರೆಹಲ್ಲು ಹಚ್ಚಿ, ಒಮ್ಮೆ ಕೊಂಬು ಇಟ್ಟು, ಒಮ್ಮೆ ಹೊಟ್ಟೆಯ ಮೇಲೆ ಇನ್ನೊಂದು ಬಾಯಿ ಬಿಡಿಸಿ.

ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ಮೂವತ್ತು ವರ್ಷದಲ್ಲಿ ಒಂದು ಚಿತ್ರದ ಮೂಲೆಗೂ ಅವರು ಸಹಿ ಹಾಕಿದವರಲ್ಲ. "ಗುಡ್ಡಕ್ಕ ಯಾರು ಮಾಡಿದ್ದು ಅಂತ ಹೆಸರು ಬರದಿರ್ತದೇನು?" ಎಂದು ಕೇಳುತ್ತಿದ್ದರು. ನಮ್ಮ ಮಾಸಪತ್ರಿಕೆ ಓದುವ ಮಕ್ಕಳು ಅವರನ್ನು ರಾಕ್ಷಸ ಕಾಕಾ ಎಂದೇ ಕರೆದು ಪತ್ರ ಬರೆಯುತ್ತಿದ್ದರು. ನನಗೂ ಅವರು ಕಾಕಾನೇ.

ಆ ಮಾಸಪತ್ರಿಕೆ ಪುಣೆಯ ಒಂದು ಹಳೆಯ ಪೇಟೆಯ ಓಣಿಯಿಂದ ಮರಾಠಿ, ಕನ್ನಡ ಎರಡರಲ್ಲೂ ಹೊರಡುತ್ತಿತ್ತು. ಮರಾಠಿ ಕತೆಗಳನ್ನು ಕನ್ನಡಕ್ಕೆ ತಂದು, ಕರಡು ತಿದ್ದುವುದು ನನ್ನ ಕೆಲಸ. ಕತೆ ಅಂದರೆ ಎಲ್ಲ ಅದ್ಭುತದ ಕತೆಗಳೇ. ಹಾರುವ ಮಂಚ, ಮಾತಾಡುವ ಬಾವಿ, ಏಳು ಕೋಟೆಗಳ ಆಚೆಯ ರಾಜಕುಮಾರಿ, ಮತ್ತು ಎಲ್ಲದಕ್ಕೂ ಅಡ್ಡ ನಿಲ್ಲುವ ಒಬ್ಬ ರಾಕ್ಷಸ. ಎರಡೂ ಭಾಷೆಗೆ ಚಿತ್ರ ಒಂದೇ, ಅದು ಕಾಕಾನದು. ದೀಪಾವಳಿ ವಿಶೇಷಾಂಕದ ನಡುವಿನ ಎರಡು ಪುಟ ಬಿಚ್ಚಿದರೆ ತುಂಬ ಒಬ್ಬನೇ ರಾಕ್ಷಸ ನಿಂತಿರುತ್ತಿದ್ದ. ಮಕ್ಕಳು ಮೊದಲು ಆ ಪುಟ ತೆರೆದು, ಆಮೇಲೆ ಅಂಕ ಓದುತ್ತಿದ್ದರು. ದೊಡ್ಡವರೂ ಅಷ್ಟೇ, ಒಪ್ಪಿಕೊಳ್ಳುತ್ತಿರಲಿಲ್ಲ.

ಕಾಕಾನ ತಂದೆ ಧಾರವಾಡದ ಕಡೆಯಿಂದ ಬಂದು ಮಾರ್ಕೆಟ್ ಯಾರ್ಡಿನ ದಲಾಲಿಯ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ಮಗನ ಕೈಗೆ ಪೆನ್ನು ಕೊಟ್ಟರೆ ಅವನು ಕುಂಚ ಹಿಡಿದ. ಹದಿನೆಂಟರ ವಯಸ್ಸಿಗೆ ಲಾರಿಗಳ ಹಿಂದೆ ದೃಷ್ಟಿ ತಾಕದಿರಲೆಂದು ಬಿಡಿಸುವ ರಾಕ್ಷಸನ ಮುಖ ಬರೆಯಲು ಶುರುಮಾಡಿದರಂತೆ. ನಮ್ಮ ಸಂಪಾದಕರಿಗೆ ಒಂದು ದಿನ ಸ್ಕೂಟರಿನಲ್ಲಿ ಹೋಗುವಾಗ ಮುಂದಿನ ಲಾರಿಯ ಬೆನ್ನಿನ ಮೇಲೆ ಅಂಥ ಒಂದು ಮುಖ ಕಂಡಿತು. ಅದು ಹೆದರಿಸುತ್ತಿರಲಿಲ್ಲ, ದಣಿದಿತ್ತು. ಮನೆಯ ದಾರಿ ಬಿಟ್ಟು ಸಂಪಾದಕರು ಆ ಲಾರಿಯ ಬೆನ್ನು ಹತ್ತಿದರು. ಪುಣೆಯಾಚೆಯ ದೇಹೂ ರೋಡಿನಲ್ಲಿ ಚಾಲಕ ಚಹಾಕ್ಕೆ ಇಳಿದಾಗ, ಇದನ್ನು ಬರೆದವರು ಯಾರು ಎಂದು ಕೇಳಿ ವಿಳಾಸ ಬರೆದುಕೊಂಡು ಬಂದರು. ಈ ಕತೆಯನ್ನು ಸಂಪಾದಕರು ಪ್ರತಿ ವರ್ಷವೂ ಹೇಳುತ್ತಿದ್ದರು, ಪ್ರತಿ ವರ್ಷವೂ ಲಾರಿ ಇನ್ನಷ್ಟು ದೂರ ಹೋಗುತ್ತಿತ್ತು.

ಕಾಕಾನ ರಾಕ್ಷಸರು ದುಡಿಯುವ ಮಂದಿ. ತಲೆಗೆ ಸಿಂಬಿ, ಒಡೆದ ಹಿಮ್ಮಡಿ, ಭಾರ ಹೊತ್ತು ಹೊತ್ತು ಗಟ್ಟಿಯಾದ ಕುತ್ತಿಗೆ. ಯಾರ್ಡಿನ ಹಮಾಲರನ್ನು ನೋಡಿಯೇ ಬರೆಯುತ್ತಿದ್ದರು. ಹಮಾಲರಿಗೆ ಬೇಸರವಾಗುವುದಿಲ್ಲವೇ ಎಂದು ನಾನೊಮ್ಮೆ ಕೇಳಿದ್ದೆ. ನನ್ನನ್ನು ಕರೆದುಕೊಂಡು ಹೋಗಿ ತೂಕದ ಕಟ್ಟೆಯ ಹಿಂದಿನ ಗೋಡೆ ತೋರಿಸಿದರು. ಅಲ್ಲಿ ಹಳೆಯ ನಡುಪುಟಗಳೆಲ್ಲ ಸಾಲಾಗಿ ಅಂಟಿದ್ದವು. ಯಾವ ರಾಕ್ಷಸ ಯಾರು ಎಂಬುದರ ಮೇಲೆ ಅವರಲ್ಲೇ ಜಗಳವಿತ್ತು, ಎಲ್ಲರಿಗೂ ತಾನೇ ಆಗಬೇಕು.

"ರಾಕ್ಷಸನ ಚಿತ್ರಾ ಯಾವಾಗಲೂ ಕಾಲಿನಿಂದ ತೆಗೀಬೇಕು ತಂಗಿ" ಅನ್ನುತ್ತಿದ್ದರು. "ನೆಟ್ಟಗ ನಿಂದರ್ಲಿಕ್ಕೆ ಬರಲಾರದಾಂವ ಯಾರನ್ನ ಹೆದರಸ್ಯಾನು?"

ಇನ್ನೊಂದು ಪದ್ಧತಿಯಿತ್ತು. ಕತೆಯನ್ನು ಅವರು ಎಂದೂ ತಾವಾಗಿ ಓದುತ್ತಿರಲಿಲ್ಲ, ಓದಿಸಿ ಕೇಳುತ್ತಿದ್ದರು. ಪ್ರತಿ ಶನಿವಾರ ನಾನು ಕತೆ ಹಿಡಿದು ಗುಲ್ಟೇಕಡಿಯ ಅವರ ಮೂರನೆಯ ಮಹಡಿಯ ಮನೆಗೆ ಹೋಗಬೇಕು. ಕಾಕು, ಅಂದರೆ ಅವರ ಹೆಂಡತಿ, ಚುರುಮುರಿ ಒಗ್ಗರಣೆ ಮುಂದಿಡಬೇಕು. ಕಾಕಾ ಕಣ್ಣು ಮುಚ್ಚಿ ಕೂರಬೇಕು. ನಾನು ಓದುತ್ತ ಹೋದಂತೆ ನಡುವೆ ಕಣ್ಣು ತೆರೆದು ಒಂದೇ ಪ್ರಶ್ನೆ:

"ಇಂವಾ ಮುಂಜಾನೆ ಏನು ಉಂಡಾನ?"

"ಕತಿಯೊಳಗ ಬರದಿಲ್ಲಲ್ರಿ ಕಾಕಾ."

"ಬರದಿಲ್ಲಂದ್ರ ಉಪಾಸ ಅದಾನಂತೇನು? ಉಪಾಸ ಇದ್ದಾಂವನ ಭುಜಾ ಬ್ಯಾರೆ, ಉಂಡಾಂವನ ಭುಜಾ ಬ್ಯಾರೆ. ವಿಚಾರ ಮಾಡಿ ಹೇಳು."

ನಾನು ಎರಡು ಜೋಳದ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿ ಅನ್ನುತ್ತಿದ್ದೆ. "ಬರೇ ಎರಡ?" ಎಂದು ಅವರು ನನ್ನನ್ನು ಜಿಪುಣಿ ಎಂಬಂತೆ ನೋಡುತ್ತಿದ್ದರು.

ಕಾಕು ಏನು ಕಡಿಮೆ ಕಲಾವಿದೆಯಲ್ಲ. ದಿನವೂ ಬೆಳಿಗ್ಗೆ ಬಾಗಿಲ ಮುಂದೆ ಚುಕ್ಕಿ ಇಟ್ಟು ರಂಗೋಲಿ ಹಾಕುತ್ತಿದ್ದರು. ಆ ಚುಕ್ಕಿಗಳನ್ನು ಕಂಡರೆ ಕಾಕಾನಿಗೆ ನಗು. "ಇಕೀದು ಲೆಕ್ಕದ ಚಿತ್ರ. ಚುಕ್ಕಿ ಎಣಿಸಿ ಗೆರಿ ಎಳದ್ರ ಅದು ಚಿತ್ರ ಅಲ್ಲ, ಮಗ್ಗಿ" ಅನ್ನುವರು. ಕಾಕು ತಲೆಯೆತ್ತದೆ, "ನನ್ನ ಮಗ್ಗಿ ಚಹಾ ಕುದಿಯೂದ್ರಾಗ ಮುಗೀತದ. ನಿಮ್ಮ ರಾಕ್ಷಸಗ ಒಂದು ತಿಂಗಳ ಬೇಕು" ಅನ್ನುವರು. ಈ ಜಗಳವನ್ನು ನಾನು ಇಪ್ಪತ್ತು ವರ್ಷ ಕೇಳಿದ್ದೇನೆ, ಒಂದು ಸಲವೂ ಬೇಸರವಾಗಿಲ್ಲ.

ಆಮೇಲೆ ಊರಿಗೆ ಊರೇ ಬಾಗಿಲು ಹಾಕಿಕೊಂಡ ಆ ರೋಗದ ದಿನಗಳು ಬಂದವು. ಶನಿವಾರದ ಓದು ನಿಂತಿತು. ನಾನು ಕತೆಯನ್ನು ಫೋನಿನಲ್ಲಿ ಓದುತ್ತಿದ್ದೆ, ಅವರು ಚಿತ್ರವನ್ನು ಲಕೋಟೆಯಲ್ಲಿ ಹಾಕಿ ಕಳಿಸುತ್ತಿದ್ದರು. ಆಗಲೇ ಅವರ ರಾಕ್ಷಸರು ಸಣ್ಣಗಾಗತೊಡಗಿದರು. ಮೊದಲು ಹಾಳೆಯ ಅರ್ಧಕ್ಕೆ ಇಳಿದರು, ಬಳಿಕ ಕಾಲು ಭಾಗಕ್ಕೆ. ಒಂದು ತಿಂಗಳು ಬಂದ ರಾಕ್ಷಸ ನನ್ನ ಅಂಗೈಯಷ್ಟಿದ್ದ, ಸುತ್ತಲೂ ಬಿಳಿ ಹಾಳೆ. ಆಫೀಸಿನ ಕಂಪ್ಯೂಟರಿನವರು ಅದನ್ನು ಹಿಗ್ಗಿಸಿ ಪುಟಕ್ಕೆ ಹೊಂದಿಸಿದರು. ಹಿಗ್ಗಿಸಿದಾಗ ಗೆರೆಗಳು ಹಗ್ಗದಷ್ಟು ದಪ್ಪವಾದವು. ಕಾಕಾ ಮೈಗಳ್ಳರಾದರು ಎಂದು ನಾವೆಲ್ಲ ಅಂದುಕೊಂಡೆವು.

ನನ್ನ ನಾಲಗೆಗೆ ಮೊದಲಿಂದಲೂ ಕಡಿವಾಣವಿಲ್ಲ, ಪೆನ್ನಿಗೂ ಇಲ್ಲ. ಒಂದು ಚಿತ್ರವನ್ನು ಹಿಂದಕ್ಕೆ ಕಳಿಸುತ್ತ ಅದರ ಜೊತೆ ಒಂದು ಚೀಟಿ ಇಟ್ಟೆ: "ಕಾಕಾ, ನಿಮ್ಮ ರಾಕ್ಷಸರು ತೀರ ಸೊರಗಿದ್ದಾರೆ. ಮೂರು ತಿಂಗಳಿಂದ ಉಪವಾಸವೇ? ದಯವಿಟ್ಟು ಊಟ ಹಾಕಿ ಕಳಿಸಿ." ಬಹಳ ಚೆನ್ನಾಗಿ ಬರೆದೆ ಎಂದು ಹಿಗ್ಗಿ, ಫೋನಿನಲ್ಲಿ ನಾಲ್ಕು ಜನರಿಗೆ ಓದಿಯೂ ಹೇಳಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬಾಗಿಲುಗಳು ತೆರೆದ ಮೇಲೆ ಒಂದು ಶನಿವಾರ ಮೂರು ಮಹಡಿ ಹತ್ತಿ ಹೋದೆ. ಕಾಕಾ ಕುರ್ಚಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ "ಬಾ" ಎಂದರು, ದನಿ ಪಕ್ಕದ ಕೋಣೆಯಿಂದ ಬಂದಷ್ಟು ಸಣ್ಣದು. ಮುಖದಲ್ಲಿ ನಗುವಿಲ್ಲ. ಮೇಜಿನ ಮೇಲಿನ ಗೋಡೆಗೆ ನನ್ನ ಚೀಟಿ ಅಂಟಿಸಿದ್ದರು. ಸಿಟ್ಟಾಗಿದ್ದಾರೆ ಎಂದುಕೊಂಡೆ. ಏನೇನೋ ತಮಾಷೆ ಮಾಡಿದೆ. ಮುಖ ಹಾಗೇ ಇತ್ತು. ಅಡುಗೆಮನೆಗೆ ಓಡಿಹೋಗಿ ಕಾಕುವಿನ ಕೈ ಹಿಡಿದೆ.

"ಕಾಕಾಗ ನನ್ನ ಮ್ಯಾಲೆ ಭಾಳ ಸಿಟ್ಟು ಬಂದದ ಏನ್ರಿ ಕಾಕು?"

"ಸಿಟ್ಟಲ್ಲವಾ" ಎಂದರು ಕಾಕು. "ಅದೇನೋ ಪಾರ್ಕಿನ್ಸನ್ ಅಂತಾರ ನೋಡು. ಕೈಗೂ ಬಂದದ, ಮುಖಕ್ಕೂ ಬಂದದ. ಒಳಗ ನಗತಾರ, ಹೊರಗ ಬರೂದಿಲ್ಲ. ನಿನ್ನ ಚೀಟಿ ಬಂದ ದಿನಾನ ನನಗ ಕಿರಾಣಿ ಯಾದಿ ನೆನಪಾತು. ಅವರು ಬರದ ಯಾದಿ ತಿಂಗಳಿಂದ ತಿಂಗಳಿಗೆ ಸಣ್ಣ ಆಗಲಿಕ್ಕೆ ಹತ್ತಿತ್ತು, ಕಡೀ ಸಾಲು ಅಂಗಡಿಯಾಂವಗ ಓದಲಿಕ್ಕೆ ಬರತಿದ್ದಿಲ್ಲ. ಯಾದಿ, ಚಿತ್ರಾ ಎರಡೂ ತಗೊಂಡು ಡಾಕ್ಟರ್ ಕಡೆ ಹೋದೆ. ಬರದದ್ದು ಸಣ್ಣ ಆಗೂದೂ ಆ ರೋಗನ ಅಂದ್ರು."

ನಾನು ಹೊರಗೆ ಬಂದು ಆ ಚೀಟಿಯನ್ನು ಕಿತ್ತು ಹಾಕಲು ಕೈ ಚಾಚಿದೆ. ಕಾಕಾ ಬೇಡವೆಂದು ತಲೆಯಾಡಿಸಿದರು.

"ಇರ್ಲಿ. ಡಾಕ್ಟರಕಿಂತ ಮೊದಲ ರೋಗ ಹಿಡದಾಕಿ ನೀನು. ಇದಕ್ಕ ನಾ ಉತ್ತರ ಕೊಡೂದದ."

ನಾನು ಅತ್ತೆ. ಅವರ ಮುಖ ನನ್ನನ್ನು ಸುಮ್ಮನೆ ನೋಡುತ್ತಿತ್ತು.

ಆ ವರ್ಷ ಸಂಪಾದಕರು, ನಡುಪುಟವನ್ನು ಇನ್ನು ಬೇರೆಯವರಿಂದ ಬರೆಸೋಣ, ಕಾಕಾಗೆ ಯಾಕೆ ತ್ರಾಸು, ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನು ಹೋಗಿ ತಿಳಿಸಿದೆ. ಕಾಕಾ ಒಂದೊಂದೇ ಮಾತು ಹೊರಗಿಟ್ಟರು.

"ಇದೊಂದ ಸಲ ನಾನ ತೆಗೀತೀನಿ. ನಡುಪುಟದ ಅಳತಿಗೆ. ಸಣ್ಣದು ತೆಗದು ಹಿಗ್ಗಿಸೂದು ಬ್ಯಾಡ. ಆಗಲಿಲ್ಲಂದ್ರ ಕುಂಚ ಕೆಳಗಿಡ್ತೀನಿ."

ಗಣಪತಿ ಕಳಿಸುವ ದಿನದೊಳಗೆ ಚಿತ್ರ ಕೈಗೆ ಬಂದರೆ ಅವರದೇ, ಇಲ್ಲವಾದರೆ ಬೇರೆಯವರದು ಎಂದು ಮಾತಾಯಿತು. ಕತೆ ಅವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಒಂದು ಊರಿಗೆ ಬಿಸಿಲು ಬೀಳದಂತೆ ಗುಡ್ಡವೊಂದು ಅಡ್ಡ ನಿಂತಿರುತ್ತದೆ. ಎಲ್ಲರೂ ಹೆದರುವ ರಾಕ್ಷಸ ಬಂದು ಆ ಗುಡ್ಡವನ್ನು ತಲೆಯ ಮೇಲೆ ಹೊತ್ತು ಹೊಳೆಯಾಚೆ ಇಟ್ಟು ಬರುತ್ತಾನೆ.

ಗುಳಿಗೆ ನುಂಗಿದ ಒಂದು ತಾಸಿನ ಮೇಲೆ ಅವರ ಕೈ ಸ್ವಲ್ಪ ಸಡಿಲಾಗುತ್ತಿತ್ತು. ಆ ಹೊತ್ತಿಗೆ ನಾನು ಹೋಗಿ ಓದುವುದು, ಅವರು ಬರೆಯುವುದು. ಪಾದ ದೊಡ್ಡದಾಗಿ ಬರುತ್ತಿತ್ತು, ಅಂಗಡಿಯ ಕಟ್ಟೆಯಷ್ಟು ಭದ್ರವಾಗಿ. ಮೊಣಕಾಲಿಗೆ ಬರುವಾಗ ಗೆರೆ ಸಣ್ಣಗಾಗುತ್ತಿತ್ತು. ಸೊಂಟದ ಹೊತ್ತಿಗೆ ಕೈ ತಾನೇ ತಾನಾಗಿ ಕುಗ್ಗಿ, ತಲೆ ಲಿಂಬೆಹಣ್ಣಿನಷ್ಟಾಗುತ್ತಿತ್ತು. ತಾವು ದೊಡ್ಡದೇ ಬರೆಯುತ್ತಿದ್ದೇವೆ ಎಂದು ಅವರಿಗೆ ಅನ್ನಿಸುತ್ತಿತ್ತಂತೆ. ಹಾಳೆಯಿಂದ ಹಿಂದೆ ಸರಿದು ನೋಡಿದಾಗಲೇ ತಿಳಿಯುತ್ತಿದ್ದದ್ದು.

"ನೋಡು ತಂಗಿ, ಕೆಳಗ ಹಮಾಲ, ಮ್ಯಾಲೆ ಕೂಸು" ಎಂದರು ಮೂರನೆಯ ಹಾಳೆ ಕೆಟ್ಟ ದಿನ. ನಾನು ನಕ್ಕೆ, ಯಾಕೆಂದರೆ ಅವರು ನಗಿಸಲು ಹೇಳಿದ್ದರು. ಆದರೆ ಆ ದಿನ ಕುಂಚಗಳನ್ನೆಲ್ಲ ತೊಳೆದು, ಒರೆಸಿ, ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು. ಅವರು ಎಂದೂ ಮುಚ್ಚಳ ಹಾಕುವವರಲ್ಲ. ಮೆಟ್ಟಿಲು ಇಳಿಯುವಾಗ ನನಗೆ ಇನ್ನು ಮುಗಿಯಿತು ಅನ್ನಿಸಿತು.

ಮರುದಿನ ರವಿವಾರ. ಮನಸ್ಸು ತಡೆಯದೆ ಬೆಳಿಗ್ಗೆಯೇ ಹೋದೆ. ಹೊಳೆಯ ಕಡೆಯಿಂದ ಗಣಪತಿಯ ಢೋಲು-ತಾಶೆಯ ತಾಲೀಮು ಕೇಳುತ್ತಿತ್ತು. ಮೂರನೆಯ ಮಹಡಿಯಲ್ಲಿ ಕಾಕು ಬಾಗಿಲ ಹೊರಗೆ ಕೂತು ಚುಕ್ಕಿ ಇಡುತ್ತಿದ್ದರು. ಕಾಕಾ ಹೊಸ್ತಿಲ ಒಳಗೆ ಚಪ್ಪಲಿ ಮೆಟ್ಟಿ ನಿಂತಿದ್ದರು. ಈ ರೋಗಕ್ಕೆ ಹೊಸ್ತಿಲು ಎಂದರೆ ಆಗದು. ಅಲ್ಲಿ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತದೆ. ಕಾಕು ತಲೆಯೆತ್ತದೆ ಬಯ್ದರು:

"ಚುಕ್ಕಿ ತುಳೀಬ್ಯಾಡ್ರಿ ಮತ್ತ. ದಾಟಿ ಬರ್ರಿ."

ಕಾಕಾ ಚುಕ್ಕಿಯ ಸಾಲನ್ನು ನೋಡಿದರು. ಕಾಲು ಎತ್ತಿದರು. ಒಂದು ಸಾಲು ದಾಟಿದರು, ಇನ್ನೊಂದು ದಾಟಿದರು, ನನ್ನ ಪಕ್ಕಕ್ಕೆ ಬಂದು ನಿಂತರು. ತಮ್ಮ ಪಾದವನ್ನೇ ಯಾರದೋ ಎಂಬಂತೆ ನೋಡಿಕೊಂಡರು. ಏನೂ ಹೇಳದೆ ತಿರುಗಿ, ಅದೇ ಚುಕ್ಕಿ ದಾಟಿ ಒಳಗೆ ಹೋದರು. ಮತ್ತೆ ಹೊರಗೆ ಬಂದರು. ಮೂರು ಸಲ ಹೋಗಿ ಬಂದರು. ಕಾಕುವಿಗೆ ಸಿಟ್ಟು ಬಂತು.

"ಏನು ಆಟಾ ಹಚ್ಚೀರಿ ಇದು?"

"ಏ, ಇಲ್ಲೆ ಕೇಳು. ಇದನ್ನ ಹಾಳಿ ಮ್ಯಾಲೆ ಇಡ್ತೀಯೇನು?"

"ಯಾವುದನ್ನ?"

"ಚುಕ್ಕಿ."

ಕಾಕು ರಂಗೋಲಿ ಬಟ್ಟಲು ಕೆಳಗಿಟ್ಟರು. ಚುಕ್ಕಿ ಕಂಡು ಕಾಲು ಎದ್ದಂತೆ ಕೈಯೂ ಏಳಬಹುದು ಎಂದು ಅವರಿಗೆ ಅರ್ಥವಾಗಿತ್ತು. ಆದರೂ ಇಷ್ಟು ವರ್ಷದ ಲೆಕ್ಕ ಚುಕ್ತಾ ಮಾಡದೆ ಬಿಡುವ ಹೆಂಗಸಲ್ಲ.

"ಏನಂದ್ರಿ? ನನ್ನ ಮಗ್ಗಿ ಬೇಕೇನು?"

"ಹೌದವಾ. ನಿನ್ನ ಮಗ್ಗೀನ ಬೇಕು."

"ಜೋರಲೆ ಹೇಳ್ರಿ. ಈಕಿಗೂ ಕೇಳಸ್ಲಿ."

ಕಾಕಾ ತಮ್ಮ ಸಣ್ಣ ದನಿಯನ್ನು ಎಲ್ಲಿಂದಲೋ ಎತ್ತಿ, ಕೆಳಗಿನ ಮಹಡಿಗೂ ಕೇಳುವಂತೆ "ನಿನ್ನ ಮಗ್ಗಿ ಬೇಕು" ಎಂದರು. ಕಾಕು ಸೆರಗಿನಿಂದ ಮುಖ ಒರೆಸಿಕೊಂಡರು. ಅದು ನಗುವೋ ಅಳುವೋ, ನನಗೆ ತಿಳಿಯಲಿಲ್ಲ.

ಹೊಸ ಹಾಳೆ ಬಂತು. ಕಾಕು ನೆಲದ ಮೇಲೆ ಕೂತು ಪೆನ್ಸಿಲ್ಲಿನಿಂದ ಇಪ್ಪತ್ತೊಂದು ಸಾಲು ಚುಕ್ಕಿ ಇಟ್ಟರು. ಸ್ಕೇಲು ಮುಟ್ಟಲಿಲ್ಲ, ಆದರೂ ಒಂದು ಚುಕ್ಕಿ ಆಚೀಚೆ ಆಗಲಿಲ್ಲ. ಮೊಣಕಾಲಿಗೆ ಆರನೆಯ ಸಾಲು, ಸೊಂಟಕ್ಕೆ ಹತ್ತು, ಭುಜಕ್ಕೆ ಹದಿನಾರು, ಗುಡ್ಡ ಹಾಳೆಯ ತುದಿಯವರೆಗೆ ಎಂದು ಕಾಕಾ ಹೇಳಿದರು. ಕೈ ಕುಗ್ಗಿ ನಿಲ್ಲಬೇಕೆನ್ನುವಾಗ ಕಾಕು ಮುಂದಿನ ಚುಕ್ಕಿಯ ಮೇಲೆ ಬೆರಳಿಟ್ಟು, "ಇಲ್ಲೀತನಕಾ ಬರ್ರಿ" ಅನ್ನುವರು. ಕುಂಚ ಅಲ್ಲಿಯವರೆಗೆ ಹೋಗುತ್ತಿತ್ತು. "ಇನ್ನ ಇಲ್ಲಿ." ಅಲ್ಲಿಗೂ ಹೋಗುತ್ತಿತ್ತು. ನಾನು ಆ ಒಂದೇ ಕತೆಯನ್ನು ಎಷ್ಟು ಸಲ ಓದಿದೆನೋ, ಕೊನೆಗೆ ಹಾಳೆ ನೋಡದೆ ಹೇಳುತ್ತಿದ್ದೆ. ದಿನಕ್ಕೆ ಎರಡು ಸಾಲು ಏರಿದರೆ ಹಬ್ಬ. ಕೆಲವು ದಿನ ಒಂದು ಹೆಬ್ಬೆರಳೂ ಮುಗಿಯುತ್ತಿರಲಿಲ್ಲ.

ಗಣಪತಿ ಕಳಿಸುವ ಹಿಂದಿನ ದಿನ ಮಧ್ಯಾಹ್ನ ಗುಡ್ಡದ ನೆತ್ತಿಯೂ ಮುಗಿಯಿತು. ಕಾಕಾ ನಮ್ಮಿಬ್ಬರನ್ನೂ ಒಳಗೆ ಕಳಿಸಿ, ಮಾಡಬೇಕಾದ್ದು ಸ್ವಲ್ಪ ಉಳಿದಿದೆ, ಕರೆಯುವವರೆಗೆ ಬರಬೇಡಿ ಎಂದರು. ನಾವು ಅಡುಗೆಮನೆಯಲ್ಲಿ ಮೋದಕದ ಹಿಟ್ಟು ನಾದುತ್ತ ಒಂದು ತಾಸು ಕಳೆದೆವು. ಕರೆದಾಗ ಹೋಗಿ ನೋಡಿದರೆ, ನಡುಪುಟದಷ್ಟೇ ಎತ್ತರದ ರಾಕ್ಷಸ ಗುಡ್ಡ ಹೊತ್ತು ಹೊಳೆಗೆ ಕಾಲಿಟ್ಟಿದ್ದ. ಮುಖ ಮಾರ್ಕೆಟ್ ಯಾರ್ಡಿನ ನಮ್ಮ ಹಮಾಲನದು. ಸೊಂಟಕ್ಕೆ ಹೊಸದಾಗಿ ಒಂದು ಬಟ್ಟೆಯ ಬುತ್ತಿಗಂಟು ಬಂದಿತ್ತು, ಯಾವ ಚುಕ್ಕಿಗೂ ಸೇರದೆ, ಅಂಚಿಗೆ ನವುರಾದ ನೇಯ್ಗೆಯಿದ್ದ ಗಂಟು. ತಪ್ಪು ಹುಡುಕುವುದು ನನ್ನ ರಕ್ತದಲ್ಲೇ ಇದೆ.

"ಕತಿಯೊಳಗ ಬುತ್ತಿ ಎಲ್ಲದರಿ ಕಾಕಾ?"

"ಇರ್ಲಿ. ಗುಡ್ಡಾ ಹೊರಾಂವ ಬರೇ ಕೈಲೆ ಹೋಗ್ತಾನೇನು?"

ಆಫೀಸಿನಲ್ಲಿ ಚುಕ್ಕಿಗಳನ್ನು ಅಳಿಸಿ ಛಾಪಿಸೋಣ ಎಂದರು. ಅವು ಇರಬೇಕು ಎಂದು ಕಾಕಾ ಹೇಳಿ ಕಳಿಸಿದ್ದರು. ನಾನು ಸಂಪಾದಕರ ಮೇಜಿನ ಮುಂದೆ ನಿಂತು ಜಗಳಾಡಿ ಚುಕ್ಕಿ ಉಳಿಸಿದೆ. ಅವರ ವಿಷಯದಲ್ಲಿ ನಾನು ಮಾಡಿದ ಒಂದು ಸರಿಯಾದ ಕೆಲಸ ಅದು. ಹಿಗ್ಗಿಸದೆ, ಕುಗ್ಗಿಸದೆ, ಇದ್ದ ಅಳತೆಗೇ ಅಚ್ಚಾಯಿತು. ತೂಕದ ಕಟ್ಟೆಯ ಗೋಡೆಯ ಮೇಲೆ ಅದೇ ಕೊನೆಯದು. ಆಮೇಲೆ ಕಾಕಾ ಚಿತ್ರ ಬರೆಯಲಿಲ್ಲ. ಸಾಕು ಅನ್ನುತ್ತಿದ್ದರು, ದುಃಖದಿಂದಲ್ಲ, ಉಂಡು ಎದ್ದವರು ಹೇಳುವ ಹಾಗೆ.

ಅವರ ಮೈ ಎರಡು ವರ್ಷದಲ್ಲಿ ಮೆಲ್ಲಗೆ ಇಳಿಯಿತು. ಶನಿವಾರ ನಾನು ಹೋಗಿ ಕತೆ ಓದುತ್ತಿದ್ದೆ, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೊರಡುವಾಗ ಆಗಾಗ ಒಂದೇ ಮಾತು ಕೇಳುವರು:

"ನಡುಪುಟ ನೆಟ್ಟಗ ನೋಡಿದೇನು?"

"ನೋಡೀನ್ರಿ ಕಾಕಾ. ಭಾಳ ಛಲೋ ಆಗ್ಯದ."

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡುವರು. ಮುಖ ಏನೂ ಹೇಳುತ್ತಿರಲಿಲ್ಲ. ವಯಸ್ಸಾದವರಿಗೆ ಹೊಗಳಿಕೆ ಬೇಕಾಗುತ್ತದೆ ಎಂದು ತಿಳಿದು ನಾನು ಇನ್ನೂ ನಾಲ್ಕು ಮಾತು ಹೊಗಳುತ್ತಿದ್ದೆ. ಅವರು ಕಣ್ಣು ಮುಚ್ಚಿಕೊಳ್ಳುವರು.

ಹಮಾಲ ಸುದ್ದಿ ಹೇಳಿದ ಆ ಬೆಳಿಗ್ಗೆ ಸೊಪ್ಪಿನ ಚೀಲದ ಸಮೇತ ಅವರ ಮನೆಗೆ ಹೋದೆ. ಸಾವಿನ ಮನೆ, ಬಾಗಿಲ ಮುಂದೆ ರಂಗೋಲಿ ಇರಲಿಲ್ಲ. ಬರೀ ನೆಲ ಕಂಡು ಕಾಲು ಮುಂದೆ ಹೋಗದೆ ನಾನೂ ಹೊಸ್ತಿಲಲ್ಲಿ ನಿಂತುಬಿಟ್ಟೆ. ಕಾಕು ಬಂದು ಕೈ ಹಿಡಿದು ಒಳಗೆ ಕರೆದುಕೊಂಡರು. ಅತ್ತದ್ದಾಯಿತು. ಆಮೇಲೆ ಗೋಡೆಯಿಂದ ನನ್ನ ಹಳೆಯ ಚೀಟಿ ಬಿಡಿಸಿ ನನ್ನ ಕೈಗಿಟ್ಟರು.

"ಇದಕ್ಕ ಉತ್ತರ ಮುಟ್ಟಿತೇನವಾ ನಿನಗ?"

"ಉತ್ತರ? ಇಲ್ಲರಿ ಕಾಕು."

"ಬರದೀನಿ ಅಂತಿದ್ರಲ್ಲ. ಎಲ್ಲೆ ಅಂತ ನನಗೂ ಹೇಳ್ಲಿಲ್ಲ. ‘ತಪ್ಪು ಹುಡುಕೂದು ಅಕೀ ಕೆಲಸ, ಒಂದಿನ ಹುಡುಕ್ತಾಳ’ ಅಂತಿದ್ರು."

ಮನೆಗೆ ಬಂದು ಆ ದೀಪಾವಳಿ ಅಂಕ ಹುಡುಕಿ ತೆಗೆದೆ. ನಡುಪುಟವನ್ನು ಕಿಟಕಿಯ ಬೆಳಕಿಗೆ ಹರಡಿ, ಕರಡು ನೋಡುವ ಭೂತಗನ್ನಡಿ ಹಿಡಿದು ಕಾಲಿನಿಂದ ಶುರುಮಾಡಿದೆ. ಹಿಮ್ಮಡಿ, ಮೊಣಕಾಲು, ಕಾಕುವಿನ ಚುಕ್ಕಿಗಳು ಒಂದೊಂದಾಗಿ. ಸೊಂಟಕ್ಕೆ ಬಂದೆ. ಬುತ್ತಿಗಂಟಿನ ಅಂಚಿನಲ್ಲಿ ನಾನು ನೇಯ್ಗೆ ಎಂದುಕೊಂಡದ್ದು ನೇಯ್ಗೆಯಾಗಿರಲಿಲ್ಲ, ಅಕ್ಷರವಾಗಿತ್ತು. ಮೊದಲ ಅಕ್ಷರ ಸಾಸಿವೆಯಷ್ಟು. ಮುಂದೆ ಹೋದಂತೆ ಅದಕ್ಕಿಂತ ಸಣ್ಣ, ಕಾಕು ಹೇಳಿದ ಕಿರಾಣಿ ಯಾದಿಯ ಹಾಗೆ ಕುಗ್ಗುತ್ತ ಕುಗ್ಗುತ್ತ, ಕೊನೆಯದು ಬರೀ ಧೂಳಿನ ಕಣ. ಎಂದೂ ಸಹಿ ಹಾಕದವರು ನನಗೆ ಎರಡು ಸಾಲು ಬರೆದಿದ್ದರು:

"ಊಟ ಹಾಕೀನಿ ತಂಗಿ. ಬುತ್ತಿನೂ ಕಟ್ಟೀನಿ."

ಎರಡು ವರ್ಷ ಅವರು ಕೇಳಿದ್ದು ಇದನ್ನು. ಎರಡು ವರ್ಷ ನಾನು ನೋಡಿದ್ದೇನೆ ಎಂದು ಸುಳ್ಳು ಹೇಳಿದೆ. ಭೂತಗನ್ನಡಿ ಕೆಳಗಿಟ್ಟು, ಯಾರೂ ಇಲ್ಲದ ಕೋಣೆಯಲ್ಲಿ, "ಈಗ ನೋಡಿದೆ ಕಾಕಾ" ಅಂದೆ.